ಹೊಲಿಗೆ ಇಲ್ಲದ ಬಟ್ಟೆಯವಳು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ, ಅವನು ಟೈಲರಕ್ಕನನ್ನು ಕಂಡಿರಲಿಲ್ಲ. ಅವಳಿಗೆ ತಲೆಯ ಮೇಲೆ ಹೊರೆಗಟ್ಟಲೆ ಚಿಂತೆ ಇತ್ತು, ಸಂತೆಯಲ್ಲಿ ನಿದ್ದೆಯೂ ಬರುತ್ತಿತ್ತು. ಟೊಮೆಟೊ ಆರಿಸುತ್ತಾ ಆರಿಸುತ್ತಾ ಬರುತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ಬರುತ್ತಿತ್ತು. ಗಿರಾಕಿಯ ಬೆನ್ನಿಗೆ ಟೇಪು ಹಿಡಿದು ಭುಜದ ಅಳತೆ ತೆಗೆಯುವಾಗ ಬಾಯಿ ಅರ್ಧಕ್ಕೇ ನಿಂತು, ಏನಾಯಿತೆಂದು ಗಿರಾಕಿ ತಿರುಗಿ ನೋಡಿದರೆ ಕಣ್ಣು ಮುಚ್ಚಿರುತ್ತಿತ್ತು. ಮೊದಮೊದಲು ಜನ ನಕ್ಕರು. ಆಮೇಲೆ ಗಾದೆ ಹೇಳಿದರು. ಆಮೇಲೆ ಬೇರೆ ಟೈಲರ್ ಹುಡುಕಿಕೊಂಡರು. ಶಾಲೆಯ ಯೂನಿಫಾರಂ ಹೊಲಿಸುವವರು ಮಾತ್ರ ಉಳಿದರು. ಅವಳ ಹೊಲಿಗೆ ಗಟ್ಟಿ. ಮರ ಹತ್ತಿ ಜಾರಿದ ಹುಡುಗನ ಮಂಡಿ ಹರಿಯುತ್ತಿತ್ತೇ ಹೊರತು ಚಡ್ಡಿ ಹರಿಯುತ್ತಿರಲಿಲ್ಲ.

ಹೊಲಿಗೆ ಅವಳು ಆರಿಸಿಕೊಂಡ ಕೆಲಸವಲ್ಲ, ಕಾಯಿಲೆ ಆರಿಸಿಕೊಟ್ಟ ಕೆಲಸ. ಕಾಲಲ್ಲಿ ತುಳಿಯುವ ಮಷಿನ್ನಿನಲ್ಲಿ ಒಂದು ಅನುಕೂಲವಿದೆ. ಕಾಲು ನಿಂತರೆ ಸೂಜಿಯೂ ನಿಲ್ಲುತ್ತದೆ. ನಿದ್ದೆಗೆ ಜಾರಿದರೂ ಬೆರಳು ಉಳಿಯುತ್ತದೆ. ಆದರೆ ಕೆಲವು ಸಲ ತಲೆ ನಿದ್ದೆ ಹೋದರೂ ಕಾಲು ಹೋಗುತ್ತಿರಲಿಲ್ಲ. ಎಚ್ಚರವಾದಾಗ ಮುಂದಿನ ಬಟ್ಟೆಯಲ್ಲಿ ಏನೇನೋ ಆಗಿರುತ್ತಿತ್ತು. ಒಮ್ಮೆ ಒಬ್ಬ ಮೇಷ್ಟರ ಅಂಗಿಯ ಎರಡು ತೋಳುಗಳನ್ನೂ ಸೇರಿಸಿ, ಕುತ್ತಿಗೆಯನ್ನೂ ಮುಚ್ಚಿ, ಅಚ್ಚುಕಟ್ಟಾಗಿ ಹೊಲಿದಿಟ್ಟಿದ್ದಳು. ಮೇಷ್ಟರು ಅದನ್ನು ಎತ್ತಿ ಹಿಡಿದು, "ತಲೆ ಎಲ್ಲಿಂದ ಹಾಕೋದಮ್ಮ?" ಎಂದು ಕೇಳಿದ್ದರು.

ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಅವಳಿಗೆ ದೊಡ್ಡ ಮಗಳು ಹುಟ್ಟಿಯಾಗಿತ್ತು. ಅಲ್ಲಿಯವರೆಗೂ ಅವಳು ಸೋಮಾರಿ, ಕುಂಭಕರ್ಣನ ತಂಗಿ, ತವರಿನಲ್ಲಿ ಮುದ್ದು ಹೆಚ್ಚಾಗಿ ಕೆಟ್ಟವಳು. ಊರ ಬಾಯಿಗೆ ಮುಚ್ಚಳವಿಲ್ಲವಲ್ಲ. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ತಲೆಗೆಲ್ಲಾ ವೈರು ಅಂಟಿಸಿ, ಹಗಲು ಹೊತ್ತಿನಲ್ಲಿ ಮತ್ತೆ ಮತ್ತೆ ಮಲಗಿಸಿ ನೋಡಿದರು. "ನಿದ್ದೆ ಮಾಡಿ ಪರೀಕ್ಷೆ ಪಾಸಾದವಳು ನಾನೊಬ್ಬಳೇ" ಎಂದು ಅವಳು ಆಮೇಲೆ ಹೇಳಿಕೊಳ್ಳುತ್ತಿದ್ದಳು. ಇಡೀ ಊರಿನಲ್ಲಿ ಹುಡುಕಿದರೂ ಇನ್ನೊಬ್ಬರಿಗೆ ಇರಲಾರದ ಕಾಯಿಲೆ ಎಂದರು ಡಾಕ್ಟರು. ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲರ ತಲೆಯಲ್ಲೂ ಒಂದು ಬಾಗಿಲಿರುತ್ತದಂತೆ, ಇವಳ ಬಾಗಿಲಿನ ಚಿಲಕ ಸಡಿಲವಂತೆ. ಕೊಲ್ಲುವ ಕಾಯಿಲೆಯಲ್ಲ, ಬಿಟ್ಟು ಹೋಗುವ ಕಾಯಿಲೆಯೂ ಅಲ್ಲ. ಮಾತ್ರೆ ತಪ್ಪಿಸಬಾರದು, ಮಧ್ಯಾಹ್ನ ಊಟವಾದ ಮೇಲೆ ಮಲಗಲೇಬೇಕು, ಒಲೆ ಹತ್ತಿಸಿಕೊಂಡು ಒಬ್ಬಳೇ ಇರಬಾರದು. ಇಷ್ಟು ಹೇಳಿ ಕಳಿಸಿದರು.

ಬೀಳುವುದೂ ಅದೇ ಕಾಯಿಲೆಯ ಇನ್ನೊಂದು ಮುಖ. ಜೋರಾಗಿ ನಗು ಬಂದರೆ, ಮನಸ್ಸಿಗೆ ಹಠಾತ್ತನೆ ಏನಾದರೂ ತಟ್ಟಿದರೆ, ಮಂಡಿ ಕುಸಿದು ನೆಲಕ್ಕೆ ಬರುತ್ತಿದ್ದಳು. ಪ್ರಜ್ಞೆ ಪೂರ್ತಿ ಇರುತ್ತಿತ್ತು. ಎಲ್ಲ ಕೇಳಿಸುತ್ತಿತ್ತು. ರೆಪ್ಪೆ ಕೂಡ ಎತ್ತಲಾಗುತ್ತಿರಲಿಲ್ಲ, ಅಷ್ಟೇ. ಗಂಡ ಬಸ್ ಡ್ರೈವರ್, ಮಾತಿನ ಮಲ್ಲ. ಮದುವೆಯಾದ ಹೊಸದರಲ್ಲಿ ಅವನು ಒಂದು ಮಾತು ಹೇಳಿ ಅವಳನ್ನು ನಗಿಸಿದ, ಅವಳು ಅವನ ಕಾಲ ಬುಡದಲ್ಲೇ ಬಿದ್ದಳು. ಹೆಂಡತಿ ತನ್ನ ಜೋಕಿಗೆ ಸತ್ತೇ ಹೋದಳು ಎಂದುಕೊಂಡು ಅವನು ಬೀದಿಗೆ ಓಡಿದ. ಅಂದಿನಿಂದ ಬಸ್ಸಿನಲ್ಲಿ ನಗಿಸುವುದನ್ನೆಲ್ಲ ನಗಿಸಿ ಮುಗಿಸಿ, ಮನೆಗೆ ಬರುವಾಗ ಮುಖ ಗಂಟು ಹಾಕಿಕೊಂಡು ಬರುವುದನ್ನು ರೂಢಿ ಮಾಡಿಕೊಂಡ. ಮಕ್ಕಳು ಅದಕ್ಕೇ ಒಗ್ಗಿ ಬೆಳೆದರು. "ಅಮ್ಮಂಗೆ ನಗು ಬರ್ತಿದೆ, ಸ್ಟೂಲ್ ತಾ" ಎಂದು ದೊಡ್ಡವಳು ಕೂಗುತ್ತಿದ್ದಳು. ಚಿಕ್ಕವಳು, ಐದು ವರ್ಷದವಳು, ತಾಯಿ ಬಿದ್ದಿರುವಷ್ಟು ಹೊತ್ತೂ ಪಕ್ಕದಲ್ಲಿ ಕೂತು ಅವಳ ಕೂದಲಿಗೆ ಬಾಚಣಿಗೆ ಆಡಿಸುತ್ತಿದ್ದಳು. ಎದ್ದಿದ್ದಾಗ ತಾಯಿಗೆ ಅಷ್ಟು ಪುರಸೊತ್ತು ಎಲ್ಲಿ. ಅವಳನ್ನು ಗುಂಡಿ ಎಂದು ಕರೆಯುತ್ತಿದ್ದರು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಮುಖವಿತ್ತು ಎಂದು ತಂದೆ ಇಟ್ಟ ಹೆಸರು.

ನಿದ್ದೆಯೂ ಬೀಳುವುದೂ ಬೀದಿಗೆಲ್ಲ ಗೊತ್ತಿದ್ದ ಕಾಯಿಲೆ. ಮೂರನೆಯದೊಂದಿತ್ತು. ಅದು ಡಾಕ್ಟರಿಗೂ ಗಂಡನಿಗೂ ದೊಡ್ಡ ಮಗಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಮಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಥಾನುಗಳು. ಅದರ ಹಿಂದೆ ಪರದೆ, ಪರದೆಯ ಹಿಂದೆ ಮಲಗುವ ಕೋಣೆ, ಅದರಾಚೆ ಅಡುಗೆಮನೆ. ಮಧ್ಯಾಹ್ನ ಅವಳು ಮಲಗಿ ಏಳುವಾಗ ಮೊದಲು ಎಚ್ಚರವಾಗುತ್ತಿದ್ದದ್ದು ಕಣ್ಣಿಗೆ, ಮೈಗಲ್ಲ. ಕಣ್ಣು ತೆರೆದಿರುತ್ತಿತ್ತು, ಕೈಕಾಲು ಇನ್ನೂ ಅವಳದಾಗಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಪರದೆ ಸರಿಸಿಕೊಂಡು ಒಬ್ಬಳು ಒಳಗೆ ಬರುತ್ತಿದ್ದಳು.

ಕನಸು ಎನ್ನುವಂತಿರಲಿಲ್ಲ. ಕನಸಿನಲ್ಲಿ ಕೋಣೆ ಬೇರೆಯಾಗಿರುತ್ತದೆ. ಇಲ್ಲಿ ಅದೇ ಹಸಿರು ಬೀರು, ಅದೇ ಬಟ್ಟೆ ಒಣಹಾಕುವ ಹಗ್ಗ, ಒಂದು ರೆಕ್ಕೆ ಸೊಟ್ಟಗಾದ ಅದೇ ಫ್ಯಾನು. ಎಲ್ಲ ನಿಜ, ಅವಳೊಬ್ಬಳು ಹೆಚ್ಚು. ಎತ್ತರದ ಹೆಂಗಸು. ಬೆಳಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು, ಮುಖ ಕಾಣುತ್ತಿರಲಿಲ್ಲ. ನಡೆದು ಬಂದು ಮಂಚದ ಅಂಚಿಗೆ ಕೂತರೆ ಹಾಸಿಗೆ ಆ ಕಡೆ ತಗ್ಗುತ್ತಿತ್ತು. ಉಸಿರಾಡುವುದು ಕೇಳಿಸುತ್ತಿತ್ತು. ಕೂಗಬೇಕೆಂದರೆ ಟೈಲರಕ್ಕನಿಗೆ ಬಾಯಿ ಬರುತ್ತಿರಲಿಲ್ಲ. ಮೈ ಬಿಡುವ ಹೊತ್ತಿಗೆ ಮಂಚ ಖಾಲಿ. ಬಾಡಿಗೆಯನ್ನೂ ಕೊಡದೆ, ಮನೆಯನ್ನೂ ಖಾಲಿ ಮಾಡದೆ ಕೂತವಳೆಂದು ಟೈಲರಕ್ಕ ಅವಳಿಗೆ ಬಾಡಿಗೆಯವಳು ಎಂದು ಹೆಸರಿಟ್ಟಳು. ಹೆಸರಿಟ್ಟರೆ ಹೆದರಿಕೆ ಕಡಿಮೆಯಾದೀತು ಎಂಬ ಆಸೆ. ಕಡಿಮೆಯಾಗಲಿಲ್ಲ.

ಡಾಕ್ಟರು ಅದಕ್ಕೂ ವಿವರಣೆ ಕೊಟ್ಟಿದ್ದರು. ಕನಸಿನ ಬಾಲ ಎಚ್ಚರದೊಳಗೆ ಸಿಕ್ಕಿಕೊಂಡಿರುತ್ತದೆ, ಅಷ್ಟೇ ಎಂದಿದ್ದರು. ಹಾವಲ್ಲ, ಹಗ್ಗ ಎಂದು ಹೇಳಿದವರು ಪುಣ್ಯವಂತರು. ಆ ಹಗ್ಗ ದಿನಾ ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತು ಉಸಿರಾಡಿದರೆ ಏನು ಮಾಡುವುದು ಎಂದು ಅವರು ಹೇಳಿಕೊಟ್ಟಿರಲಿಲ್ಲ. ಮಾತ್ರೆಯಿಂದ ಅವಳು ಬರುವುದು ವಿರಳವಾಯಿತು, ನಿಲ್ಲಲಿಲ್ಲ. ಮೇಲಾಗಿ ಅವಳು ವೇಷ ಹಾಕಲು ಕಲಿತಳು. ಒಮ್ಮೆ ಡ್ಯೂಟಿ ಬೇಗ ಮುಗಿಸಿ ಬಂದ ಗಂಡನಾಗಿ ಬಂದಳು. ಇನ್ನೊಮ್ಮೆ ಬ್ಯಾಗು ಹೊತ್ತ ದೊಡ್ಡ ಮಗಳಾಗಿ ಬಂದು, "ಅಮ್ಮ, ಹಸಿವು" ಎಂದಳು. ಟೈಲರಕ್ಕ ಎದ್ದು ತಟ್ಟೆ ಹಾಕಿ, ಅನ್ನ ಬಡಿಸಿ, ಕೂಗಿ ಕರೆದು, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಆ ತಟ್ಟೆಯ ಮುಂದೆ ಕೂತು ಅತ್ತಳು.

ಉಪಾಯ ಹೊಳೆದದ್ದು ಅವಳ ಕಸುಬಿನಿಂದಲೇ. ಒಂದು ಮಧ್ಯಾಹ್ನ ಬಾಡಿಗೆಯವಳು ಮಂಚದ ಮೇಲೆ ಕೂತಿದ್ದಾಗ, ಬೇರೆಲ್ಲೂ ನೋಡಲು ಧೈರ್ಯ ಸಾಲದೆ ಟೈಲರಕ್ಕ ಅವಳ ತೋಳು ಭುಜಕ್ಕೆ ಸೇರುವ ಜಾಗವನ್ನೇ ನೋಡುತ್ತಿದ್ದಳು. ಅಲ್ಲಿ ಹೊಲಿಗೆ ಇರಲಿಲ್ಲ. ಪಕ್ಕೆಯಲ್ಲಿ ಹುಡುಕಿದಳು. ಇಲ್ಲ. ಅಂಚು ಮಡಿಸಿದ್ದಿಲ್ಲ, ಗುಂಡಿ ಇಲ್ಲ, ಕಾಜಾ ಇಲ್ಲ. ಬಟ್ಟೆ ಇತ್ತು, ಅದನ್ನು ಯಾರೂ ಹೊಲಿದಿರಲಿಲ್ಲ. ಮುಂದಿನ ಸಲ ಮಗಳ ವೇಷದಲ್ಲಿ ಬಂದಾಗಲೂ ನೋಡಿದಳು. ಯೂನಿಫಾರಂ ನೀಲಿಯೇ, ಆದರೆ ತಾನೇ ಹಾಕಿದ ಜೋಡಿ ಹೊಲಿಗೆ ಅದರ ಮೇಲಿರಲಿಲ್ಲ. ಟೈಲರಕ್ಕನಿಗೆ ವರ್ಷಗಳ ನಂತರ ಎದೆ ಹಗುರಾಯಿತು. ಸಂಜೆ ಗಂಡನಿಗೆ ಹೇಳಿದಳು.

"ಹೊಲಿಗೆ ನೋಡಿದ್ರೆ ಆಯ್ತು ರೀ. ಇದ್ರೆ ನಮ್ಮವರು, ಇಲ್ದಿದ್ರೆ ಅವಳು."

ಗಂಡ ಗಂಭೀರವಾಗಿಯೇ ಕೇಳಿಸಿಕೊಂಡ. ಆಮೇಲೆ ತಡೆಯಲಾಗದೆ, "ಪಾಪ, ಇಷ್ಟು ವರ್ಷ ಟೈಲರ್ ಮನೇಲಿದ್ದೂ ಒಂದು ಜೊತೆ ಬಟ್ಟೆ ಹೊಲಿಸ್ಕೊಂಡಿಲ್ವಾ ಅವಳು?" ಎಂದ. ದೊಡ್ಡವಳು ಸ್ಟೂಲ್ ತರುವಷ್ಟರಲ್ಲಿ ಟೈಲರಕ್ಕ ನೆಲದ ಮೇಲಿದ್ದಳು.

ಗುಂಡಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಚಿಕ್ಕ ಮಗು, ಹೆದರೀತು ಎಂದು. ಮಧ್ಯಾಹ್ನದ ಹೊತ್ತು ಅವಳು ಪಕ್ಕದ ಹಿಟ್ಟಿನ ಗಿರಣಿಯವರ ಮನೆಯಲ್ಲಿರುತ್ತಿದ್ದಳು. ತಾಯಿ ಎದ್ದ ಮೇಲೆ ಹೋಗಿ ಕರೆದುಕೊಂಡು ಬರುವುದು ರೂಢಿ. ಆ ದಿನ ಗಿರಣಿಯಾಕೆಯ ಮನೆಗೆ ನೆಂಟರು ಬಂದಿದ್ದರು. ಗದ್ದಲದಲ್ಲಿ ಗುಂಡಿ ಹಿತ್ತಿಲ ಬಾಗಿಲಿಂದ ತನ್ನ ಮನೆಗೆ ಬಂದದ್ದನ್ನು ಯಾರೂ ನೋಡಲಿಲ್ಲ. ಮನೆಯಲ್ಲಿ ಅಮ್ಮ ಮಲಗಿದ್ದಳು. ಅಮ್ಮನನ್ನು ಎಬ್ಬಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ಹಸಿವಾಗಿತ್ತು, ಹಾಲಿನ ಪುಡಿ ಕಲಸಿಕೊಳ್ಳೋಣ ಎಂದು ಮಣೆ ಹತ್ತಿ ಬಿಸಿನೀರಿನ ಫ್ಲಾಸ್ಕಿಗೆ ಕೈ ಹಾಕಿದಳು. ಅದು ಮಗುಚಿ ಎದೆಯಿಂದ ತೊಡೆಯವರೆಗೆ ಸುರಿಯಿತು. ಅಮ್ಮ ಎದ್ದುಬಿಡುತ್ತಾಳೆಂದು ಕೂಗದೆ, ಉರಿಯುವ ಫ್ರಾಕನ್ನು ಅವಳೇ ಎಳೆದು ತೆಗೆದಳು. ಬರಿಮೈಯಲ್ಲಿರಲು ನಾಚಿಕೆಯಾಗಿಯೋ ನಡುಕ ಬಂದೋ, ಅಂಗಡಿಯ ಮೇಜಿನ ಮೇಲಿದ್ದ, ಇನ್ನೂ ಕತ್ತರಿಸದ ನೀಲಿ ಬಟ್ಟೆಯನ್ನು ಭುಜದಿಂದ ಪಾದದವರೆಗೂ ಸುತ್ತಿಕೊಂಡು ಪರದೆಯ ಹತ್ತಿರ ಬಂದು ನಿಂತಳು.

ಟೈಲರಕ್ಕನಿಗೆ ಆಗಷ್ಟೇ ಕಣ್ಣಿಗೆ ಎಚ್ಚರವಾಗಿತ್ತು. ಬಾಗಿಲಲ್ಲಿ ಗುಂಡಿ ನಿಂತಿರುವುದು ಕಂಡಿತು. ಇದು ಗುಂಡಿ ಮನೆಯಲ್ಲಿರುವ ಹೊತ್ತಲ್ಲ. ಮುಖ ಬಿಳಿಚಿತ್ತು, ಕಣ್ಣು ದೊಡ್ಡದಾಗಿತ್ತು.

"ಅಮ್ಮ, ಉರಿ" ಎಂದಿತು ಮಗು.

ಟೈಲರಕ್ಕ ಅವಳ ಮುಖ ಬಿಟ್ಟು ಬಟ್ಟೆ ನೋಡಿದಳು. ಭುಜ ನೋಡಿದಳು, ಪಕ್ಕೆ ನೋಡಿದಳು, ಪಾದದ ಹತ್ತಿರ ಅಂಚು ನೋಡಿದಳು. ಎಲ್ಲೂ ಒಂದು ಹೊಲಿಗೆ ಇಲ್ಲ. ಬಾಡಿಗೆಯವಳು ಈಗ ಈ ಎಳೆಯ ಕೂಸಿನ ವೇಷವನ್ನೂ ಬಿಡಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿಗೋ ಏನೋ, ಎಂದೂ ಬಾರದ ಬಾಯಿ ಅಂದು ಬಂತು.

"ಹೋಗು. ನೀನು ಇಲ್ಲ. ನೀನು ನನ್ನ ಮಗಳಲ್ಲ."

ಮಗು ನಿಂತೇ ಇತ್ತು. "ಅಮ್ಮ" ಎಂದಿತು ಇನ್ನೊಮ್ಮೆ.

"ನೀನು ಇಲ್ಲ ಅಂದೆನಲ್ಲ" ಎಂದು ಟೈಲರಕ್ಕ ಬಿಗಿಯಾಗಿ ಕಣ್ಣು ಮುಚ್ಚಿದಳು. ಮತ್ತೆ ನೋಡುವಾಗ ಬಾಗಿಲು ಖಾಲಿಯಿತ್ತು. ಗೆದ್ದೆ ಎಂದುಕೊಂಡು ಮತ್ತೆ ನಿದ್ದೆ ಹೋದಳು.

ದೊಡ್ಡವಳು ಶಾಲೆಯಿಂದ ಬಂದಾಗ ಗುಂಡಿ ಕತ್ತರಿಸುವ ಮೇಜಿನ ಕೆಳಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅಕ್ಕ ಎತ್ತಿಕೊಳ್ಳಲು ಹೋದಾಗ ಬಟ್ಟೆ ಹೊಟ್ಟೆಗೆ ಅಂಟಿಕೊಂಡಿತ್ತು. ಆಗ ದೊಡ್ಡವಳು ಕಿರುಚಿದ್ದು ಕೇಳಿ ಗಿರಣಿಯವರು ಬಂದರು, ಆಟೋ ಬಂತು, ಆಸ್ಪತ್ರೆಗೆ ಹೋದರು. ಜೀವಕ್ಕೆ ಅಪಾಯವಿರಲಿಲ್ಲ. ಚರ್ಮ ಬರುತ್ತದೆ, ಕಲೆ ಉಳಿಯುತ್ತದೆ ಎಂದರು. ಗಂಡ ಡ್ರೈವರಿನ ಖಾಕಿಯಲ್ಲೇ ಓಡಿ ಬಂದ. ಟೈಲರಕ್ಕ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಡೆದದ್ದನ್ನು ಒಂದಕ್ಷರ ಬಿಡದೆ ಅವನಿಗೆ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊಟ್ಟೆಯ ಗಾಯ ಮಾಯಲು ಶುರುವಾಯಿತು, ಮಾತಿನ ಗಾಯ ಅಲ್ಲಿಂದಾಚೆಗೆ ಕಾಣಿಸಿಕೊಂಡಿತು. ಗುಂಡಿ ಯಾವ ಕೋಣೆಗೂ ತಾನಾಗಿ ಒಳಗೆ ಬರುವುದನ್ನು ನಿಲ್ಲಿಸಿದಳು. ಬಾಗಿಲಲ್ಲಿ ನಿಲ್ಲುತ್ತಿದ್ದಳು. ಯಾರಾದರೂ "ಬಾ" ಎಂದರೆ ಬರುತ್ತಿದ್ದಳು, ಅನ್ನದಿದ್ದರೆ ನಿಂತೇ ಇರುತ್ತಿದ್ದಳು. ತಟ್ಟೆಯಲ್ಲಿ ಮುಗಿದರೆ ಇನ್ನಷ್ಟು ಬೇಕೆಂದು ಕೇಳುತ್ತಿರಲಿಲ್ಲ. ಹೆಜ್ಜೆಯ ಸದ್ದೂ ಕಡಿಮೆಯಾಯಿತು. ಟೈಲರಕ್ಕ ಮಷಿನ್ನಿನಿಂದ ತಲೆ ಎತ್ತಿದರೆ ಪರದೆಯ ಪಕ್ಕದಲ್ಲಿ ಮಗು ನಿಂತಿರುತ್ತಿತ್ತು, ಎಷ್ಟು ಹೊತ್ತಿನಿಂದಲೋ. "ಬಾ ಕಂದ, ಬಾ ನನ್ನ ಬಂಗಾರ" ಎಂದು ಕೈ ಚಾಚಿದರೆ ಬಂದು ತೊಡೆಯ ಮೇಲೆ ಕೂತು, ತಾಯಿಯ ಕಣ್ಣನ್ನೇ ನೋಡುತ್ತಿತ್ತು. ತಾಯಿಯ ರೆಪ್ಪೆ ಭಾರವಾದ ಕೂಡಲೇ ಇಳಿದು ಹೋಗಿಬಿಡುತ್ತಿತ್ತು.

ಒಂದು ದಿನ ದೊಡ್ಡವಳು ಕೇಳಿದ್ದು ಟೈಲರಕ್ಕನ ಕಿವಿಗೆ ಬಿತ್ತು.

"ಯಾಕೆ ಗುಂಡಿ, ಬಾಗಿಲಲ್ಲೇ ನಿಂತಿರ್ತೀಯ?"

"ಅಮ್ಮ ಎದ್ದಿದಾಳೋ ಇಲ್ವೋ ನೋಡ್ತೀನಿ."

"ಎದ್ದಿಲ್ಲದಿದ್ರೆ?"

"ಎದ್ದಿಲ್ಲದಿದ್ರೆ ನಾನು ಇರಲ್ಲ" ಎಂದಿತು ಮಗು, ಅದೇನು ದೊಡ್ಡ ವಿಷಯವಲ್ಲ ಎಂಬಂತೆ.

ಟೈಲರಕ್ಕನ ಮಂಡಿ ಅಲ್ಲೇ ಕುಸಿಯಿತು. ನೆಲದ ಮೇಲೆ ಬಿದ್ದುಕೊಂಡು, ಬಾಯಿ ಬರದೆ, ಗುಂಡಿಯ ಬಾಚಣಿಗೆ ತನ್ನ ಕೂದಲಲ್ಲಿ ಮೆಲ್ಲಗೆ ಓಡಾಡುವುದನ್ನು ಅನುಭವಿಸುತ್ತಾ, ತಾನು ಈ ಮಗುವಿಗೆ ತಾಯಿಯಾಗಿರಲು ತಕ್ಕವಳಲ್ಲ ಎಂದು ತೀರ್ಮಾನಿಸಿಕೊಂಡಳು.

ಗಂಡನ ಅಕ್ಕ ಬಂದದ್ದು ಆ ವಾರವೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದವಳು. ಎಲ್ಲಿ ಲೈನು ಕಟ್ಟಾಗುತ್ತದೋ ಎಂಬಂತೆ ಇಂದಿಗೂ ಚುಟುಕಾಗಿ, ಗಟ್ಟಿಯಾಗಿ ಮಾತಾಡುವವಳು. ಮಕ್ಕಳಿರಲಿಲ್ಲ. ಕೆಟ್ಟವಳೆಂದು ಹೇಳಿಬಿಟ್ಟರೆ ಕಥೆಗೆ ಅನುಕೂಲ, ಆದರೆ ಆಕೆ ಕೆಟ್ಟವಳಾಗಿರಲಿಲ್ಲ.

"ನಿನ್ನನ್ನ ದೂರೋಕೆ ಬಂದಿಲ್ಲ ನಾನು" ಎಂದಳು. "ದೊಡ್ಡವಳು ತನ್ನನ್ನ ತಾನು ನೋಡ್ಕೋತಾಳೆ. ಇವಳು ಎಳೇದು. ಇವಳು ದೊಡ್ಡವಳಾಗೋವರೆಗೂ ನನ್ನ ಹತ್ರ ಇರ್ಲಿ. ನಾನೇನು ಕಿತ್ಕೊಂಡು ಹೋಗ್ತಿಲ್ಲ."

ಗಂಡ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಅಕ್ಕನ ಮಾತನ್ನು ತೆಗೆದುಹಾಕಲೂ ಆರ, ಹೆಂಡತಿಯ ಮುಖ ನೋಡಲೂ ಆರ.

"ಕರ್ಕೊಂಡು ಹೋಗಿ ಅತ್ತಿಗೆ" ಎಂದಳು ಟೈಲರಕ್ಕನೇ.

ಗುಂಡಿಯನ್ನು ಯಾರೂ ಕೇಳಲಿಲ್ಲ. ಅವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಅತ್ತೆ "ಬಾ" ಎಂದಾಗ ಹೋದಳು.

ಮನೆ ತಣ್ಣಗಾಯಿತು. ಇನ್ನು ಯಾರಿಗೂ ಅಪಾಯವಿಲ್ಲ, ಫ್ಲಾಸ್ಕನ್ನು ಎಲ್ಲಿ ಬೇಕಾದರೂ ಇಡಬಹುದಿತ್ತು. ಕೆಲವು ದಿನ ಬಾಡಿಗೆಯವಳೂ ಬರಲಿಲ್ಲ. ಆಮೇಲೊಂದು ಮಧ್ಯಾಹ್ನ ಟೈಲರಕ್ಕ ಕಣ್ಣು ತೆರೆದಾಗ ಬಾಗಿಲಲ್ಲಿ ಗುಂಡಿ ನಿಂತಿದ್ದಳು. ತಾಯಿಯೇ ಹಿಂದೆ ಹೊಲಿದುಕೊಟ್ಟಿದ್ದ ಹಳದಿ ಫ್ರಾಕು. ಟೈಲರಕ್ಕ ಮೊದಲು ನೋಡಿದ್ದು ಭುಜವನ್ನೇ. ಹೊಲಿಗೆ ಇತ್ತು. ಪಕ್ಕೆಯಲ್ಲಿ ಜೋಡಿ ಹೊಲಿಗೆ, ಕೆಳಗೆ ಮಡಿಸಿದ ಅಂಚು, ಹಳದಿ ದಾರ ಮುಗಿದುಹೋಗಿ ಬಿಳಿ ದಾರದಲ್ಲಿ ಮುಗಿಸಿದ್ದ ಕಡೆಯ ಗೇಣು ಕೂಡ ಇತ್ತು. ಮಗು ಯಾರೂ ಕರೆಯದೆಯೇ ಒಳಗೆ ಬಂತು, ಮಂಚದ ಮೇಲೆ ಕೂತಿತು, ಹಾಸಿಗೆ ಅಷ್ಟೇ ಅಷ್ಟು ತಗ್ಗಿತು. ಮೈ ಬಿಟ್ಟಾಗ ಅಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷಕ್ಕೆ ಬಾಡಿಗೆಯವಳು ಹೊಲಿಗೆ ಕಲಿತಿದ್ದಳು.

ಹೆದರಬೇಕಾದ್ದು ಆಗ. ಟೈಲರಕ್ಕ ಹೆದರಲಿಲ್ಲ. ನಿಜವಾದ ಮಗಳನ್ನು ಹೋಗು ಎಂದವಳಿಗೆ ಸುಳ್ಳು ಮಗಳನ್ನು ಹೋಗು ಎನ್ನಲು ಮನಸ್ಸು ಬರಲಿಲ್ಲ. ಮಾರನೆಯ ದಿನ ಊಟವಾದ ಕೂಡಲೇ ಆತುರಾತುರವಾಗಿ ಮಲಗಿದಳು. ಗುಂಡಿ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮಾತ್ರೆ ತೆಗೆದುಕೊಂಡರೆ ಅವಳು ಬರುವುದು ಕಡಿಮೆ ಎಂಬುದು ಟೈಲರಕ್ಕನಿಗೆ ಹಳೆಯ ಪಾಠ. ಮಾತ್ರೆ ನುಂಗುವುದನ್ನು ಬಿಟ್ಟಳು.

ಆಮೇಲೆ ಮಗು ದಿನಾ ಬರತೊಡಗಿತು. ಮಧ್ಯಾಹ್ನ ಬಂತು, ಬೆಳಿಗ್ಗೆ ಬಂತು, ಮಷಿನ್ನಿನ ಮುಂದೆ ತೂಕಡಿಸಿದರೂ ಬಂತು. ಮಾತಾಡುತ್ತಿರಲಿಲ್ಲ, ಕಾಲು ಅಲ್ಲಾಡಿಸುತ್ತಾ ಕೂತಿರುತ್ತಿತ್ತು. ಟೈಲರಕ್ಕ ನಿದ್ದೆಗಾಗಿ ಕಾಯುವವಳಾದಳು. ಜೀವಮಾನವೆಲ್ಲ ನಿದ್ದೆಯ ಜೊತೆ ಗುದ್ದಾಡಿದ ಹೆಂಗಸು, ಈಗ ಬಾಗಿಲು ತೆರೆದಿಟ್ಟು ಅದನ್ನು ಕರೆಯುತ್ತಿದ್ದಳು. ಕಾಲರ್ ಇರಬೇಕಾದಲ್ಲಿ ಜೇಬು ಬಂತು. ಒಂದು ಲಂಗದ ಸೊಂಟವನ್ನು ಪೂರ್ತಿ ಮುಚ್ಚಿ ಹೊಲಿದಳು. ಗಂಡ ಏನಾದರೂ ಹೇಳಿದರೆ ನಡುವೆಯೇ ಬೀಳುತ್ತಿದ್ದಳು. ಅತ್ತಿಗೆಯ ಮನೆಗೆ ಗುಂಡಿಯನ್ನು ನೋಡಲು ಹೋಗೋಣವೆಂದು ಅವನು ಕರೆದಾಗಲೆಲ್ಲ, "ಇನ್ನೊಂದು ದಿನ ರೀ" ಎಂದಳು. ಅಲ್ಲಿ ಹೋದರೆ ಬಾಗಿಲಲ್ಲಿ ನಿಲ್ಲುವ ಗುಂಡಿ. ಇಲ್ಲಿರುವವಳು ಕರೆಯದೆಯೇ ಒಳಗೆ ಬರುತ್ತಿದ್ದಳು.

ಕಂಡುಹಿಡಿದದ್ದು ದೊಡ್ಡವಳು. ಕಾಜಾದ ದಾರ ಹುಡುಕಲು ಬಾಬಿನ್ನಿನ ಡಬ್ಬ ತೆರೆದರೆ ಅದರ ತುಂಬ ಮಾತ್ರೆಗಳು. ಹನ್ನೊಂದು ವರ್ಷದ ಹುಡುಗಿ ಆ ಡಬ್ಬವನ್ನು ತಂದು ತಾಯಿಯ ತೊಡೆಯ ಮೇಲಿಟ್ಟಳು.

"ಯಾಕಮ್ಮ?"

ಟೈಲರಕ್ಕ ಸುಳ್ಳು ಹೇಳಬಹುದಿತ್ತು. ಆದರೆ ಈ ಮಗಳ ಮುಂದೆ ಅವಳು ಎಂದೂ ಬಾಡಿಗೆಯವಳ ವಿಷಯ ಮುಚ್ಚಿಟ್ಟವಳಲ್ಲ. "ಗುಂಡಿ ಬರ್ತಾಳೆ ಕಣೇ" ಎಂದಳು. "ಮಾತ್ರೆ ತಗೊಂಡ್ರೆ ಬರಲ್ಲ."

ಹುಡುಗಿ ಡಬ್ಬದ ಮುಚ್ಚಳ ಒತ್ತಿ ಮುಚ್ಚಿದಳು.

"ಆ ಗುಂಡಿಗೆ ಹೊಟ್ಟೆ ಮೇಲೆ ಕಲೆ ಇದೆಯಾ?"

ಟೈಲರಕ್ಕ ಹೊಲಿಗೆ ನೋಡಿದ್ದಳು, ಫ್ರಾಕಿನ ಒಳಗೆ ನೋಡಿರಲಿಲ್ಲ.

"ಕಲೆ ಇರೋಳು ಅತ್ತೆ ಮನೇಲಿದಾಳೆ" ಎಂದಳು ಮಗಳು. "ಅವಳನ್ನ ಅಲ್ಲಿ ಬಿಟ್ಟು, ಅವಳ ಥರ ಇರೋಳನ್ನ ಇಲ್ಲಿ ಕೂರಿಸ್ಕೊಂಡಿದೀಯ. ನಾನು ಸ್ಕೂಲಿಂದ ಬಂದ್ರೆ ನೀನು ನನ್ನ ಹಿಂದೆ ಬಾಗಿಲು ನೋಡ್ತೀಯಮ್ಮ. ನಾನೂ ಇದೀನಿ ಈ ಮನೇಲಿ."

ಅಷ್ಟು ಹೇಳಿ ಹೋಗಿ ನೀರು ತಂದು ಕೊಟ್ಟಳು. ಟೈಲರಕ್ಕ ಮಾತ್ರೆ ನುಂಗಿದಳು. ಬಾಯಿ ತೆರೆದು ತೋರಿಸು ಎಂದು ಮಗಳು ನಾಲಿಗೆಯ ಕೆಳಗೂ ನೋಡಿದಳು. ಅಂದಿನಿಂದ ಅದು ದಿನಚರಿಯಾಯಿತು. ಹಳದಿ ಫ್ರಾಕಿನವಳು ವಿರಳವಾದಳು, ಮಸುಕಾದಳು, ಒಂದು ದಿನ ಬರಲಿಲ್ಲ. ಅಂದು ಟೈಲರಕ್ಕ ಮಗುವನ್ನು ಎರಡನೆಯ ಸಲ ಕಳೆದುಕೊಂಡವಳಂತೆ ಅತ್ತಳು. ಅತ್ತು ಮುಖ ತೊಳೆದುಕೊಂಡು, "ನಾಳೆ ನಿಮ್ಮ ಬಸ್ಸಲ್ಲಿ ಬರ್ತೀನಿ" ಎಂದು ಗಂಡನಿಗೆ ಹೇಳಿದಳು.

ಅವನ ಬಸ್ಸು ಅಕ್ಕನ ಮನೆಯ ಬೀದಿಯ ಮೇಲೇ ಹೋಗುತ್ತಿತ್ತು. ಟೈಲರಕ್ಕ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು. ನಿದ್ದೆ ಬಂದರೆ ತಲೆ ಅಪ್ಪಳಿಸದಿರಲೆಂದು ಅವನು ಕಂಬಿಗೆ ತನ್ನ ಟವೆಲ್ ಸುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಅವಳನ್ನು ನೋಡಿದ.

"ಬರಲ್ಲ ಅಂದ್ರೆ ಏನು ಮಾಡ್ತೀಯ?"

"ಬರಲ್ಲ ಅಂದ್ರೆ ಬಿಟ್ಟು ಬರೋದು. ಆದ್ರೆ ನಾನು ಆಡಿದ ಮಾತು ಅವಳ ಹತ್ರಾನೇ ಇದೆಯಲ್ಲ, ಅದನ್ನ ವಾಪಸ್ ತಗೊಂಡು ಬರ್ಬೇಕು. ನೀನು ಇದೀಯ ಅಂತ ಒಂದು ಮಾತು ಹೇಳ್ಬೇಕು. ಅದಿಷ್ಟೇ."

ಗಂಡ ಎಂದಿನಂತೆ ಏನೋ ತಮಾಷೆ ಹೇಳಲು ಬಾಯಿ ತೆರೆದು, ಗೇರು ಹಾಕಿದ.

ಅತ್ತಿಗೆಯ ಮನೆ ಮೊದಲನೆಯ ಮಹಡಿಯಲ್ಲಿ. ಬಸ್ಸನ್ನು ಕಾಯಿಸುವಂತಿರಲಿಲ್ಲ, ಗಂಡ ಅವಳನ್ನು ಇಳಿಸಿ ಮುಂದೆ ಹೋದ. ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದಳು, ತಡವಾದರೆ ಕರಗಿಹೋಗುತ್ತದೆಯೋ ಎಂಬಂತೆ. ಬಾಗಿಲು ತೆರೆದಿತ್ತು. ಒಳಗೆ ಅತ್ತಿಗೆ ಅಕ್ಕಿ ಆರಿಸುತ್ತಾ ಕೂತಿದ್ದಳು, ಅವಳ ಪಕ್ಕದಲ್ಲಿ ಗುಂಡಿ ನೆಲದ ಮೇಲೆ ಬಣ್ಣದ ಪೆನ್ಸಿಲ್ಲು ಹರಡಿಕೊಂಡು ಬರೆಯುತ್ತಿದ್ದಳು. ಸ್ವಲ್ಪ ಉದ್ದವಾಗಿದ್ದಳು. ಯಾರೋ ಬೇರೆಯವರು ಹೊಲಿದ ಫ್ರಾಕು ಹಾಕಿದ್ದಳು.

ಈ ಸಲ ಬಾಗಿಲಲ್ಲಿ ನಿಂತವಳು ತಾಯಿ. ಗುಂಡಿ ತಲೆ ಎತ್ತಿ ನೋಡಿದಳು. ನಗಲಿಲ್ಲ, ಏಳಲಿಲ್ಲ. ತುಂಬ ಹೊತ್ತು ನೋಡಿದಳು. ಆಮೇಲೆ ತಾಯಿಯ ಮೇಲಿನ ಕಣ್ಣು ತೆಗೆಯದೆ, ಸ್ವರ ತಗ್ಗಿಸಿ, ಪಕ್ಕದವಳನ್ನು ಕೇಳಿದಳು.

"ಅತ್ತೆ, ಬಾಗಿಲಲ್ಲಿ ಅಮ್ಮ ನಿಂತಿದಾಳೆ. ನಿಮಗೂ ಕಾಣ್ತಿದಾಳಾ?"

ಅತ್ತಿಗೆಯ ಕೈಯಲ್ಲಿದ್ದ ಅಕ್ಕಿ ಮೊರಕ್ಕೆ ಬಿತ್ತು. ಇಷ್ಟು ದಿನ ಈ ಕೂಸು ಯಾವ ಯಾವ ಬಾಗಿಲಲ್ಲಿ ತನ್ನನ್ನು ಕಂಡು, ಯಾರನ್ನೂ ಕೇಳದೆ ಸುಮ್ಮನಾಯಿತೋ ಎಂಬುದು ಟೈಲರಕ್ಕನಿಗೆ ಆಗ ತಿಳಿಯಿತು. ತಂದ ಮಾತು ಹೇಳಲು ಬಾಯಿ ತೆರೆದಳು. ಮಂಡಿ ಕುಸಿಯಿತು. ಚೌಕಟ್ಟಿಗೆ ಒರಗಿಕೊಂಡೇ ಜಾರಿ ಹೊಸ್ತಿಲ ಮೇಲೆ ಬಿದ್ದಳು. ಕೆನ್ನೆ ನೆಲಕ್ಕೆ ತಾಗಿತ್ತು, ಕಣ್ಣು ಮುಚ್ಚಿಹೋಯಿತು. ಅತ್ತಿಗೆ ಏಳುವ ಸದ್ದು, "ಅಯ್ಯೋ, ನೀರು" ಎನ್ನುವ ಸದ್ದು ಕೇಳಿಸಿತು. ಅದಕ್ಕಿಂತ ಮುಂಚೆ ಬರಿಗಾಲಿನ ಹೆಜ್ಜೆಗಳು ಓಡಿಬಂದವು. ಯಾರೂ ಬಾ ಎಂದಿರಲಿಲ್ಲ.

"ನೀರು ಬೇಡ ಅತ್ತೆ" ಎಂದಿತು ಮಗು, ಕಿವಿಯ ಹತ್ತಿರದಲ್ಲೇ. "ಅಮ್ಮ ಹೀಗೇ ಬೀಳೋದು. ಎಲ್ಲ ಕೇಳಿಸ್ತಿರುತ್ತೆ, ಮಾತಾಡೋಕೆ ಮಾತ್ರ ಆಗಲ್ಲ. ಸ್ವಲ್ಪ ಹೊತ್ತು ಕೂತಿದ್ರೆ ಆಯ್ತು."

ಪುಟ್ಟ ತೊಡೆಯೊಂದು ತಲೆಯ ಕೆಳಗೆ ಬಂತು. ಟೈಲರಕ್ಕ ಒಳಗಿನಿಂದ ತಳ್ಳಿದಳು, ಬಾಯಿ ಬರಲಿಲ್ಲ. ಮತ್ತೆ ತಳ್ಳಿದಳು. ಕೆಳಗೆ ಬೀದಿಯಲ್ಲಿ ಯಾರೋ ಹಾರನ್ನು ಹೊಡೆದರು, ಅತ್ತಿಗೆ ಮೂಗೊರೆಸಿಕೊಂಡಳು. ಕೊನೆಗೆ ನಾಲಿಗೆ ಸ್ವಲ್ಪ ಸಡಿಲವಾಯಿತು. ಹೇಳಬೇಕೆಂದುಕೊಂಡು ಬಂದದ್ದೆಲ್ಲ ಬರಲಿಲ್ಲ, ಹೆಸರೊಂದು ತೊದಲಿಕೊಂಡು ಬಂತು.

"ಗುಂಡಿ."

"ಹೂಂ, ಅಮ್ಮ" ಎಂದಳು ಗುಂಡಿ. "ಇದೀನಿ."